ಸಾರ್, ಒಂದಕ್ಕೆ ಹೋಗಿ ಬರಲೇ?



ಮೂವತ್ತು ವರ್ಷಗಳಿಗೂ ಮೀರಿದ ನನ್ನ ಅಧ್ಯಾಪನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ವಿಜ್ಞಾನಕ್ಕೆ ಸೇರಿದ್ದಲ್ಲ, ಗಣಿತಕ್ಕೆ ಸೇರಿದ್ದೂ ಅಲ್ಲ. ಹಿಂದಿನ ಬೆಂಚಿನಿಂದ ಒಂದು ಕಿರುಬೆರಳು ಮೇಲೇಳುತ್ತಿತ್ತು. ಅದರ ಹಿಂದೆಯೇ "ಸಾರ್, ಒಂದಕ್ಕೆ ಹೋಗಿ ಬರಲೇ?" ಎಂಬ ದನಿ. ನನ್ನ ಉತ್ತರವೂ ನಿಮಗೆಲ್ಲ ಬಾಯಿಪಾಠವಾಗಿತ್ತು: "ಬೆಲ್ ಹೊಡೆಯಲಿ, ಆಮೇಲೆ." ಶಿಸ್ತಿನ ಮೇಷ್ಟ್ರು ಎಂಬ ಹೆಸರನ್ನು ನಾನು ಸಂಪಾದಿಸಿದ್ದು ಬಹುಪಾಲು ಈ ಒಂದು ವಾಕ್ಯದಿಂದಲೇ ಎಂದರೆ ತಪ್ಪಾಗಲಾರದು.

ಒಮ್ಮೆ, ಎಂಟನೆಯ ತರಗತಿಯ ಹುಡುಗನೊಬ್ಬ ಎರಡು ಸಲ ಕೇಳಿದ. ಎರಡು ಸಲವೂ ನಾನು ಬಿಡಲಿಲ್ಲ. ಮೂರನೆಯ ಸಲ ಅವನು ಕೇಳಲಿಲ್ಲ. ಬೆಂಚಿನ ಕೆಳಗೆ ನೆಲ ಒದ್ದೆಯಾಯಿತು, ತರಗತಿ ನಕ್ಕಿತು. ಆ ಹುಡುಗ ಮುಂದಿನ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಈಗ ಅವನಿಗೂ ತಲೆಗೂದಲು ನರೆತಿರಬಹುದು. ಇದನ್ನು ಓದುತ್ತಿದ್ದರೆ, ಮಾರಾಯ, ನಾನು ನಿನ್ನಲ್ಲಿ ಕ್ಷಮೆ ಕೇಳುತ್ತಿದ್ದೇನೆ. ತಡವಾಗಿದೆ ಎಂಬುದೂ ಗೊತ್ತು. ಈ ಕ್ಷಮೆ ನನಗೆ ಹೊಳೆದದ್ದು ಅಧ್ಯಾಪಕನ ವಿವೇಕದಿಂದಲ್ಲ. ಅರವತ್ತನೆಯ ವಯಸ್ಸಿನಲ್ಲಿ ನನ್ನದೇ ಕಿರುಬೆರಳು ಏಳತೊಡಗಿದ ಮೇಲೆ ಹೊಳೆದದ್ದು.

ಮೊದಮೊದಲು ರಾತ್ರಿ ಒಂದು ಸಲ ಏಳುತ್ತಿದ್ದೆ. ಮಲೆನಾಡಿನ ಮಳೆಗಾಲ, ಚಳಿ, ಯಾರಾದರೂ ಏಳಬೇಕಾದದ್ದೇ ಎಂದು ಸಮಾಧಾನ ಮಾಡಿಕೊಂಡೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಹೋಗಿ ನಿಂತರೆ ಬರುವುದಿಲ್ಲ, ಬಂದರೆ ಹನಿಹನಿ, ಮುಗಿಯಿತೆಂದು ಹಿಂದಿರುಗಿ ಹೊದಿಕೆ ಎಳೆದುಕೊಂಡರೆ ಇನ್ನೂ ಇದೆ ಎನ್ನಿಸುತ್ತದೆ. ನಮ್ಮದು ಹಳೆಯ ಮನೆ. ಬಚ್ಚಲು, ಕಕ್ಕಸು ಹಿತ್ತಲಿನ ಕಡೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೊಡೆ, ಕಾಲಡಿಯಲ್ಲಿ ಹಾವಸೆ ಕಟ್ಟಿದ ಕಲ್ಲು. ಆಷಾಢದ ಒಂದು ರಾತ್ರಿ ಜಾರಿ ಬಿದ್ದು ಮೊಣಕೈ ಊದಿಸಿಕೊಂಡೆ. ಬೆಳಿಗ್ಗೆ ಮನೆಯಾಕೆಗೆ ಹೇಳಿದ್ದು, "ದನ ಬಿಚ್ಚಿಕೊಂಡ ಸದ್ದಾಯಿತು, ನೋಡಲು ಹೋಗಿದ್ದೆ" ಎಂದು. ನಮ್ಮ ಕೊಟ್ಟಿಗೆಯಲ್ಲಿ ಆಗ ದನವೇ ಇರಲಿಲ್ಲ! ಆಕೆ ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನೆ ಎಣ್ಣೆ ಬಿಸಿ ಮಾಡಲು ಹೋದಳು.

ಹಗಲಿನ ಪಾಡು ಬೇರೆ. ಕೊಪ್ಪದಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಬೇಕಾದರೆ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ತೀರ್ಥಹಳ್ಳಿಯಲ್ಲಿ ಬಸ್ಸು ನಿಂತರೆ ಇಳಿದು ಓಡುವುದು, ಹತ್ತುವಷ್ಟರಲ್ಲಿ ಮತ್ತೆ ಅನುಮಾನ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಎಂದು ಊರುಗಳನ್ನು ಎಣಿಸುತ್ತಾ ಹಲ್ಲು ಕಚ್ಚಿ ಕುಳಿತಿರುವುದು. ತುಂಗೆಯ ದಡದ ಆ ದಾರಿ ಎಷ್ಟು ಚೆಲುವಾದದ್ದು! ಮೂರು ವರ್ಷ ನಾನು ಅದನ್ನು ನೋಡಲೇ ಇಲ್ಲ. ಹುಡುಗನಾಗಿದ್ದಾಗಿನಿಂದ ಬಿಟ್ಟವನಲ್ಲದ ಯಕ್ಷಗಾನವನ್ನೂ ಬಿಟ್ಟೆ. ಮೇಳ ಊರಿಗೆ ಬಂದರೆ ಮುಂದಿನ ಸಾಲಿನಲ್ಲಿ ಬೆಳಗಿನವರೆಗೆ ಕುಳಿತಿರುತ್ತಿದ್ದವನು, "ಈಗಿನ ಆಟದಲ್ಲಿ ಏನಿದೆ, ಹಿಂದಿನ ಭಾಗವತರು ಎಲ್ಲಿ" ಎಂದು ಮೂಗು ಮುರಿಯತೊಡಗಿದೆ. ಮದುವೆ ಚಪ್ಪರಗಳಿಗೆ ಹೋಗುವುದನ್ನೂ ಕಡಿಮೆ ಮಾಡಿದೆ. ಜನ ನನ್ನನ್ನು ವೈರಾಗ್ಯ ಬಂದವನೆಂದು ತಿಳಿದರು. ನಾನು ಆ ಗೌರವವನ್ನು ನಿರಾಕರಿಸಲಿಲ್ಲ.

ಈಗ ಇನ್ನೊಂದು ತಪ್ಪೊಪ್ಪಿಗೆ. ನಾನು ವಿಜ್ಞಾನದ ಮೇಷ್ಟ್ರು. ವಿಸರ್ಜನಾಂಗ ವ್ಯೂಹವನ್ನು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ಪಾಠ ಮಾಡಿದವನು. ಎರಡು ಮೂತ್ರಪಿಂಡ, ಅಲ್ಲಿಂದ ಇಳಿಯುವ ಎರಡು ನಾಳ, ಕೆಳಗೆ ಮೂತ್ರಕೋಶ. ಚಿತ್ರ ಬಿಡಿಸಿದರೆ ಪೂರ್ತಿ ಅಂಕ. ಆದರೆ ಮೂತ್ರಕೋಶದ ಕೆಳಗೆ ಬಂದ ತಕ್ಷಣ ನನ್ನ ಸೀಮೆಸುಣ್ಣ ನಿಂತುಬಿಡುತ್ತಿತ್ತು. ಮುಂದಿನದು ಸಂತಾನೋತ್ಪತ್ತಿಯ ಪಾಠಕ್ಕೆ ಸೇರಿದ್ದು, ಆ ಪಾಠವನ್ನೋ, "ಇದನ್ನು ನೀವೇ ಓದಿಕೊಳ್ಳಿ, ಪರೀಕ್ಷೆಗೆ ಹೆಚ್ಚೇನೂ ಬರುವುದಿಲ್ಲ" ಎಂದು ದಾಟಿಸಿಬಿಡುತ್ತಿದ್ದೆ. ನೀವು ತಲೆ ತಗ್ಗಿಸಿ ನಗುತ್ತಿದ್ದಿರಿ, ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಹಾಗೆ ದಾಟಿಸಿದ ಪುಟದಲ್ಲೇ ಪ್ರಾಸ್ಟೇಟ್ ಗ್ರಂಥಿ ಎಂಬ ಪದವಿತ್ತು. ಈ ಹಿರೇಕೊಡಿಗೆ 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದ ಊರು. ಮಾತಿಗೆ ಇಲ್ಲಿ ಬರವಿಲ್ಲವೆಂದು ನಾವೆಲ್ಲ ಹೆಮ್ಮೆ ಪಡುವವರು. ಆ ಒಂದು ಪದ ಮಾತ್ರ ನನ್ನ ಬಾಯಿಂದ ಮೂವತ್ತು ವರ್ಷ ಹೊರಡಲಿಲ್ಲ.

ಬಿಟ್ಟ ಪಾಠವನ್ನು ಇಂದು ಮಾಡಿಬಿಡುತ್ತೇನೆ.

ಗಂಡಸರಲ್ಲಿ ಮಾತ್ರ ಇರುವ ಈ ಗ್ರಂಥಿ ಮೂತ್ರಕೋಶದ ಬುಡದಲ್ಲಿ, ಮೂತ್ರ ಹೊರಗೆ ಬರುವ ನಾಳವನ್ನು ಉಂಗುರದಂತೆ ಸುತ್ತಿಕೊಂಡಿರುತ್ತದೆ. ವೀರ್ಯದ ದ್ರವದ ಒಂದು ಭಾಗವನ್ನು ತಯಾರಿಸುವುದು ಅದರ ಕೆಲಸ. ಯೌವನದಲ್ಲಿ ಸುಮಾರು 20 ಗ್ರಾಂ ತೂಕ; ಗಾತ್ರ ಸಿಪ್ಪೆ ಸಹಿತವಾದ ಹಣ್ಣಡಿಕೆಗಿಂತ ತುಸು ಚಿಕ್ಕದು ಎನ್ನಬಹುದು. ನಲವತ್ತು ದಾಟಿದ ಮೇಲೆ ಅದು ನಿಧಾನವಾಗಿ ಬೆಳೆಯತೊಡಗುತ್ತದೆ. ಅರವತ್ತರ ಹೊತ್ತಿಗೆ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ಎಂಬತ್ತು ದಾಟಿದವರಲ್ಲಿ ಬಹುಪಾಲು ಎಲ್ಲರಲ್ಲೂ ಈ ಬೆಳವಣಿಗೆ ಕಾಣುತ್ತದೆ. ಎಲ್ಲರಿಗೂ ತೊಂದರೆ ಆಗಬೇಕೆಂದಿಲ್ಲ. ಬೆಳವಣಿಗೆ ಒಳಮುಖವಾದರೆ ನಾಳವನ್ನು ಒತ್ತುತ್ತದೆ. ತೋಟದ ನೀರಿನ ಪೈಪನ್ನು ಕಾಲಲ್ಲಿ ಮೆಟ್ಟಿದರೆ ಏನಾಗುತ್ತದೋ ಅದೇ ಆಗುತ್ತದೆ. ಮೂತ್ರಕೋಶ ಹೆಚ್ಚು ಬಲ ಹಾಕಿ ತಳ್ಳುತ್ತದೆ, ವರ್ಷಗಟ್ಟಲೆ ತಳ್ಳಿ ದಣಿಯುತ್ತದೆ, ಆಮೇಲೆ ಪೂರ್ತಿ ಖಾಲಿ ಮಾಡಲಾರದೆ ಒಳಗೇ ಉಳಿಸಿಕೊಳ್ಳುತ್ತದೆ. ಹಾಗೆ ಉಳಿದ ಮೂತ್ರದಲ್ಲಿ ಸೋಂಕಾಗಬಹುದು, ಕಲ್ಲಾಗಬಹುದು, ಒತ್ತಡ ಹಿಂದಕ್ಕೆ ಏರಿ ಮೂತ್ರಪಿಂಡಗಳನ್ನೇ ಕೆಡಿಸಬಹುದು.

ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ನಮ್ಮ ಕಡೆಯ ಅರ್ಧ ಜನ ಬಾಯಿ ಮುಚ್ಚಿಕೊಂಡಿರುವುದು ನಾಚಿಕೆಗೆ, ಇನ್ನರ್ಧ ಜನ ಈ ಭಯಕ್ಕೆ. ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಪ್ರತ್ಯೇಕವಾಗಿ ಬರಬಹುದು. ಹಾಗಾಗಿ ವೈದ್ಯರು ಬೆರಳಿನಿಂದ ಒಮ್ಮೆ ಪರೀಕ್ಷಿಸುತ್ತಾರೆ, ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಬೆರಳಿನ ಪರೀಕ್ಷೆ ಅರ್ಧ ನಿಮಿಷದ್ದು. ಆ ಅರ್ಧ ನಿಮಿಷಕ್ಕೆ ಹೆದರಿ ಐದು ವರ್ಷ ನರಳುವವರನ್ನು ನಾನು ಬಲ್ಲೆ, ಅವರಲ್ಲಿ ಒಬ್ಬ ಈ ಲೇಖನ ಬರೆಯುತ್ತಿದ್ದಾನೆ. ಪಿ.ಎಸ್.ಎ. ಸಂಖ್ಯೆ ಏರಿದ ಮಾತ್ರಕ್ಕೆ ಕ್ಯಾನ್ಸರ್ ಎಂದು ಕಂಗಾಲಾಗಬೇಕಿಲ್ಲ. ಗ್ರಂಥಿ ದೊಡ್ಡದಾದಾಗಲೂ, ಸೋಂಕಾದಾಗಲೂ ಅದು ಏರುತ್ತದೆ.

ನನ್ನ ಬಾಯಿ ತೆರೆಸಿದ್ದು ನನ್ನ ಭಾವ. ಅಕ್ಕನ ಗಂಡ, ಎಪ್ಪತ್ತೆರಡರ ಪ್ರಾಯ, ಈಗಲೂ ತೋಟಕ್ಕೆ ದಿನಕ್ಕೆರಡು ಸುತ್ತು ಹಾಕುವ ಗಟ್ಟಿ ಆಳು. ಕೆಲವು ವರ್ಷಗಳ ಹಿಂದೆ, ಶ್ರಾವಣದ ಬಿಡದ ಮಳೆಯಲ್ಲಿ ಅವರಿಗೆ ನೆಗಡಿಯಾಯಿತು. ಪೇಟೆಗೆ ಹೋದವರ ಕೈಯಲ್ಲಿ ನೆಗಡಿಯ ಮಾತ್ರೆ ತರಿಸಿ ಎರಡು ದಿನ ನುಂಗಿದರು. ಮೂರನೆಯ ರಾತ್ರಿ ಮೂತ್ರ ಕಟ್ಟಿತು. ಹತ್ತು ಗಂಟೆಗೆ ಹೋದವರಿಗೆ ಒಂದು ಹನಿಯೂ ಬರಲಿಲ್ಲ. ಅಕ್ಕ ಬಾಳೆದಿಂಡಿನ ರಸ ಕೊಟ್ಟಳು, ನೆಗ್ಗಿಲುಮುಳ್ಳಿನ ಕಷಾಯ ಕುದಿಸಿದಳು. ಕುಡಿದಷ್ಟೂ ಒಳಗೆ ತುಂಬುತ್ತಿತ್ತೇ ವಿನಾ ಹೊರಬರಲಿಲ್ಲ. "ಬೆಳಗಾಗಲಿ, ಮಣಿಪಾಲಕ್ಕೇ ಹೋಗೋಣ" ಎಂದು ಭಾವ ಹಟ ಹಿಡಿದರು. ಆಗುಂಬೆ ಘಾಟಿ, ರಾತ್ರಿ, ಮಳೆ. ಬೆಳಗಿನ ಜಾವ ನಾಲ್ಕಕ್ಕೆ ಅಕ್ಕ ನನಗೆ ಫೋನು ಮಾಡಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ತಮ್ಮ, ಇವರು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಾರೆ. ಏನೆಂದು ಹೇಳುತ್ತಿಲ್ಲ, ನಿನಗೆ ಹೇಳುತ್ತಾರೇನೋ ಬಾ."

ಹೋದೆ. ಹೊಟ್ಟೆಯ ಕೆಳಭಾಗ ಕಲ್ಲಿನಂತೆ ಉಬ್ಬಿತ್ತು. ಜೀಪಿನಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೇ ಕರೆದೊಯ್ದೆವು. ರಾತ್ರಿ ಪಾಳಿಯಲ್ಲಿದ್ದ ಎಳೆಯ ವೈದ್ಯರು ಹತ್ತು ನಿಮಿಷದಲ್ಲಿ ಕೆಥೆಟರ್, ಎಂದರೆ ತೆಳುವಾದ ರಬ್ಬರಿನ ನಳಿಕೆ, ಹಾಕಿದರು. ಚೀಲದಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ಇಳಿಯಿತು. ಭಾವ ನನ್ನ ಕೈ ಹಿಡಿದುಕೊಂಡು ಅತ್ತರು. ಐವತ್ತು ವರ್ಷದ ಒಡನಾಟದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಈ ನಳಿಕೆ ಹಾಕಲು ದೊಡ್ಡ ಆಸ್ಪತ್ರೆ ಬೇಕಿಲ್ಲ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮೂತ್ರ ಪೂರ್ತಿ ಕಟ್ಟಿದರೆ ಬೆಳಗಾಗುವವರೆಗೆ ಕಾಯಬಾರದು, ಘಾಟಿ ಇಳಿಯಲೂ ಬಾರದು. ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿ ನಳಿಕೆ, ಆಮೇಲೆ ಮುಂದಿನ ಪ್ರಯಾಣ. ನೆಗಡಿಯ ಮಾತ್ರೆಯ ವಿಷಯವೂ ಸಣ್ಣದಲ್ಲ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಔಷಧಿಗಳು ಮೂತ್ರಕೋಶದ ಬಾಗಿಲನ್ನು ಬಿಗಿ ಮಾಡುತ್ತವೆ. ನೆಗಡಿ, ಅಲರ್ಜಿಗೆ ಕೊಡುವ, ನಿದ್ದೆ ತರಿಸುವ ಹಳೆಯ ಮಾತ್ರೆಗಳು ಮೂತ್ರಕೋಶದ ಬಲವನ್ನು ಕುಗ್ಗಿಸುತ್ತವೆ. ಗ್ರಂಥಿ ದೊಡ್ಡದಾದವರಿಗೆ ಇವೆರಡೂ ಕೇಡು. ವರ್ಷದಲ್ಲಿ ಐದು ತಿಂಗಳು ಸೀನುವ ನಮ್ಮ ಊರಿನಲ್ಲಿ ಔಷಧಿ ಅಂಗಡಿಯವರಿಗೆ "ನನಗೆ ಪ್ರಾಸ್ಟೇಟ್ ತೊಂದರೆ ಇದೆ" ಎಂದು ಹೇಳಿಯೇ ನೆಗಡಿಗೆ ಮಾತ್ರೆ ಕೇಳಬೇಕು. ಅಂಗಡಿಯಲ್ಲಿ ನಾಲ್ಕು ಜನ ನಿಂತಿರುತ್ತಾರೆ ನಿಜ. ನಿಂತಿರಲಿ.

ಭಾವನ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆದಾಗ ನಿಜವಾದ ಆಘಾತ ಕಾದಿತ್ತು. ಇದು ಮೂರು ದಿನದ ನೆಗಡಿಯ ಕತೆಯಲ್ಲ. ಮೂರು ನಾಲ್ಕು ವರ್ಷಗಳಿಂದ ಅವರ ಮೂತ್ರಕೋಶ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಎರಡೂ ಮೂತ್ರಪಿಂಡಗಳು ಊದಿಕೊಂಡಿದ್ದವು. ನಳಿಕೆ ಹಾಕಿದ ಮೇಲೆ ವಾರಗಳಲ್ಲಿ ಚೇತರಿಸಿಕೊಂಡವಾದರೂ ಪೂರ್ತಿಯಾಗಿ ಅಲ್ಲ. ಈಗಲೂ ಅವರು ಉಪ್ಪಿನಕಾಯಿ ಮುಟ್ಟುವಂತಿಲ್ಲ, ನೋವಿನ ಮಾತ್ರೆ ನುಂಗುವಂತಿಲ್ಲ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪುವಂತಿಲ್ಲ. "ಮೊದಲೇ ಏಕೆ ಬರಲಿಲ್ಲ?" ಎಂದು ವೈದ್ಯರು ಕೇಳಿದಾಗ ಭಾವ ಹೇಳಿದ್ದು ಇಷ್ಟೇ: "ಯಾರಿಗೆ ಹೇಳುವುದು ಡಾಕ್ಟ್ರೇ?" ಅಕ್ಕ ಪಕ್ಕದಲ್ಲೇ ನಿಂತಿದ್ದಳು. ನಲವತ್ತೆಂಟು ವರ್ಷ ಅವರ ಪಕ್ಕದಲ್ಲೇ ಮಲಗಿದ್ದಾಕೆ.

ಆ ಸಂಜೆ ಮನೆಗೆ ಬಂದು ನಾನು ಮನೆಯಾಕೆಗೆ ಎಲ್ಲವನ್ನೂ ಹೇಳಿದೆ. ಆಕೆ ಬೇಳೆ ಆರಿಸುತ್ತಾ, ತಲೆ ಎತ್ತದೆ, "ಕೊಟ್ಟಿಗೆಯಲ್ಲಿ ದನ ಇರಲಿಲ್ಲವೆಂಬುದು ನನಗೂ ಗೊತ್ತಿತ್ತು" ಎಂದಳು.

ಮುಂದಿನ ವಾರವೇ ಮೂತ್ರರೋಗ ತಜ್ಞರ ಬಳಿ ಹೋದೆ. ಅವರು ನನ್ನ ಕೈಗೆ ಒಂದು ಪ್ರಶ್ನಪತ್ರಿಕೆ ಕೊಟ್ಟರು! ಕಳೆದ ಒಂದು ತಿಂಗಳಿನ ಬಗ್ಗೆ ಏಳು ಪ್ರಶ್ನೆಗಳು: ಹೋಗಿ ಬಂದ ಮೇಲೂ ಉಳಿದಿದೆ ಎನ್ನಿಸುತ್ತದೆಯೇ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ, ನಿಂತು ನಿಂತು ಬರುತ್ತದೆಯೇ, ತಡೆಯಲು ಕಷ್ಟವೇ, ಧಾರೆ ಸಣ್ಣದಾಗಿದೆಯೇ, ಮುಕ್ಕಬೇಕಾಗುತ್ತದೆಯೇ, ರಾತ್ರಿ ಎಷ್ಟು ಸಲ ಏಳುತ್ತೀರಿ. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದು ಅಂಕ, ಒಟ್ಟು 35. ಏಳರವರೆಗೆ ಸೌಮ್ಯ, ಎಂಟರಿಂದ ಹತ್ತೊಂಬತ್ತು ಮಧ್ಯಮ, ಇಪ್ಪತ್ತು ದಾಟಿದರೆ ತೀವ್ರ. ಬದುಕೆಲ್ಲ ಮಕ್ಕಳನ್ನು ಮೂವತ್ತೈದು ತೆಗೆದು ಪಾಸಾಗಿ ಎಂದು ಬೇಡಿಕೊಂಡವನಿಗೆ, ಮೂವತ್ತೈದು ಬಂದರೆ ನಪಾಸು ಎನ್ನುವ ಪರೀಕ್ಷೆ ಇದೊಂದೇ. ನನಗೆ ಬಂದದ್ದು 22. ಈ ಏಳು ಪ್ರಶ್ನೆಗಳನ್ನು ಐವತ್ತು ದಾಟಿದ ಪ್ರತಿಯೊಬ್ಬ ಶಿಷ್ಯನೂ ಇಂದು ರಾತ್ರಿ ಒಂದು ಹಾಳೆಯಲ್ಲಿ ಬರೆದುಕೊಂಡು ಉತ್ತರಿಸಿ ನೋಡಲಿ. ನಕಲು ಮಾಡಲು ಅವಕಾಶವಿಲ್ಲ.

ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ. ಅಂಕ ಕಡಿಮೆಯಿದ್ದು, ಬದುಕಿಗೆ ಅಡ್ಡಿಯಾಗದಿದ್ದರೆ ಔಷಧಿಯೇ ಬೇಡವಾಗಬಹುದು. ಸಂಜೆಯ ಮೇಲೆ ಕಾಫಿ, ಚಹ, ಮದ್ಯ ಬಿಡುವುದು; ಮಲಗುವ ಎರಡು ಗಂಟೆ ಮೊದಲು ನೀರು ಕಡಿಮೆ ಮಾಡುವುದು (ಹಗಲು ಕಡಿಮೆ ಮಾಡಬಾರದು, ನಾನು ಮಾಡಿದ ತಪ್ಪು ಅದೇ); ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು; ಒಮ್ಮೆ ಹೋಗಿ, ಒಂದು ನಿಮಿಷ ಬಿಟ್ಟು ಅಲ್ಲೇ ಮತ್ತೊಮ್ಮೆ ಪ್ರಯತ್ನಿಸುವುದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಅದನ್ನು ರಾತ್ರಿಯ ಬದಲು ಬೆಳಿಗ್ಗೆ ಸೇವಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಸಣ್ಣ ಮಾತು, ಆದರೆ ಎಷ್ಟೋ ಜನರ ನಿದ್ದೆಯನ್ನು ಇದು ಮರಳಿ ಕೊಡುತ್ತದೆ.

ಔಷಧಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಟ್ಯಾಮ್ಸುಲೋಸಿನ್‌ನಂಥವು ನಾಳದ ಸುತ್ತಲಿನ ಸ್ನಾಯುವನ್ನು ಸಡಿಲಗೊಳಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ, ಗ್ರಂಥಿ ಮಾತ್ರ ಚಿಕ್ಕದಾಗುವುದಿಲ್ಲ. ಫಿನಾಸ್ಟರೈಡ್, ಡುಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ. ಅದಕ್ಕೆ ಆರು ತಿಂಗಳಾದರೂ ಬೇಕು, ದೊಡ್ಡ ಗ್ರಂಥಿಯವರಿಗೇ ಹೆಚ್ಚು ಪ್ರಯೋಜನ. ಎರಡನ್ನೂ ಕೂಡಿಸಿ ಕೊಡುವುದೂ ಉಂಟು. ಮೊದಲ ಬಗೆಯ ಮಾತ್ರೆಯಿಂದ ಎದ್ದು ನಿಂತಾಗ ತಲೆ ಸುತ್ತಬಹುದು. ಹಾಸಿಗೆಯಿಂದ ದಡಕ್ಕನೆ ಏಳದೆ, ಅಂಚಿನಲ್ಲಿ ಒಂದು ಗಳಿಗೆ ಕುಳಿತು ಏಳಬೇಕು. ಎರಡನೆಯ ಬಗೆ ಪಿ.ಎಸ್.ಎ. ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ, ರಕ್ತಪರೀಕ್ಷೆಯ ವರದಿ ನೋಡುವ ವೈದ್ಯರಿಗೆ ಈ ಮಾತ್ರೆ ಸೇವಿಸುತ್ತಿರುವುದು ಗೊತ್ತಿರಬೇಕು. ದಾಂಪತ್ಯದ ವಿಷಯದಲ್ಲೂ ಕೆಲವರಿಗೆ ವ್ಯತ್ಯಾಸವಾಗುತ್ತದೆ; ಕೆಲವರಿಗೆ ವೀರ್ಯ ಕಡಿಮೆಯಾಗುತ್ತದೆ, ಕೆಲವರಿಗೆ ಆಸಕ್ತಿ ತಗ್ಗುತ್ತದೆ. ಅದನ್ನೂ ವೈದ್ಯರಿಗೆ ಹೇಳಿ, ಮಾತ್ರೆ ಬದಲಿಸಬಹುದು. ಮೇಷ್ಟ್ರು ಇದನ್ನೆಲ್ಲ ಬರೆಯುತ್ತಾರೆಯೇ ಎಂದು ಹುಬ್ಬೇರಿಸಬೇಡಿ, "ನೀವೇ ಓದಿಕೊಳ್ಳಿ" ಎಂದು ಹೇಳುವ ಕಾಲ ನನಗೆ ಮುಗಿಯಿತು.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವವರು ಟ್ಯಾಮ್ಸುಲೋಸಿನ್ ಸೇವಿಸುತ್ತಿದ್ದರೆ, ಅಥವಾ ಹಿಂದೆ ಸೇವಿಸಿದ್ದರೂ, ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಬೇಕು. ಆ ಮಾತ್ರೆ ಕಣ್ಣಿನ ಪಾಪೆಯ ಸ್ನಾಯುವನ್ನೂ ಸಡಿಲಗೊಳಿಸುವುದರಿಂದ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಮುಂಚೆಯೇ ಗೊತ್ತಿದ್ದರೆ ಅವರು ಸಿದ್ಧರಾಗಿರುತ್ತಾರೆ. ಮೂತ್ರಕ್ಕೂ ಕಣ್ಣಿಗೂ ಏನು ಸಂಬಂಧ ಎಂದು ನಾನೂ ಕೇಳಿದ್ದೆ.

ಮಾತ್ರೆಗೆ ಬಗ್ಗದಿದ್ದರೆ, ಪದೇಪದೇ ಮೂತ್ರ ಕಟ್ಟಿದರೆ, ರಕ್ತ ಬೀಳುತ್ತಿದ್ದರೆ, ಮೂತ್ರಪಿಂಡಕ್ಕೆ ಪೆಟ್ಟಾಗಿದ್ದರೆ ಶಸ್ತ್ರಚಿಕಿತ್ಸೆ. ನನ್ನ ಅಜ್ಜನ ಕಾಲದಲ್ಲಿ ಇದಕ್ಕೆ ಹೊಟ್ಟೆ ಕೊಯ್ಯಬೇಕಿತ್ತು. ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದೇ 1953ರಲ್ಲಿ. ಅದಕ್ಕೂ ಹಿಂದೆ ಘಟ್ಟದ ಮೇಲಿನವರಿಗೆ ಇಂಥ ಕಾಯಿಲೆಯ ತಜ್ಞರೆಂದರೆ ಕೈಗೆಟುಕದ ಮಾತು. ಈಗ ಹೊರಗೆ ಒಂದು ಗೀರೂ ಇಲ್ಲದೆ, ಮೂತ್ರದ್ವಾರದ ಮೂಲಕವೇ ಉಪಕರಣ ತೂರಿಸಿ ಬೆಳೆದ ಭಾಗವನ್ನು ಒಳಗಿನಿಂದ ಕೆತ್ತಿ ತೆಗೆಯುತ್ತಾರೆ. ಟಿ.ಯು.ಆರ್.ಪಿ. ಎಂದು ಅದರ ಹೆಸರು. ಸೊಂಟದ ಕೆಳಗೆ ಮರಗಟ್ಟಿಸಿ ಮಾಡುತ್ತಾರೆ, ಎರಡು ಮೂರು ದಿನ ನಳಿಕೆ ಇರುತ್ತದೆ. ಗ್ರಂಥಿ ಬಹಳ ದೊಡ್ಡದಿದ್ದರೆ ಲೇಸರ್ ವಿಧಾನ. ಅದರಲ್ಲಿ ರಕ್ತಸ್ರಾವ ಕಡಿಮೆ. ತೆಗೆದ ಚೂರುಗಳನ್ನು ಪ್ರಯೋಗಾಲಯಕ್ಕೂ ಕಳಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮೊದಲೇ ಹೇಳಬೇಕು. ಆಮೇಲೆ ಕೆಲವು ವಾರ ಭಾರ ಎತ್ತುವುದು, ಬೈಕು ಓಡಿಸುವುದು ಬೇಡ. ವೀರ್ಯ ಹೊರಬರುವ ಬದಲು ಮೂತ್ರಕೋಶಕ್ಕೆ ಹಿಂದಿರುಗುವುದು ಹೆಚ್ಚಿನವರಲ್ಲಿ ಆಗುತ್ತದೆ. ಅದರಿಂದ ಅಪಾಯವಿಲ್ಲ, ಆದರೆ ಮೊದಲೇ ತಿಳಿದಿರಬೇಕು. ಭಾವನಿಗೆ ಇದೇ ಆಯಿತು, ಶಸ್ತ್ರಚಿಕಿತ್ಸೆಯಾಗಿ ಆರನೆಯ ದಿನ ಮನೆಯಲ್ಲಿದ್ದರು. ನನಗೆ ಈವರೆಗೆ ಮಾತ್ರೆಯಲ್ಲೇ ಸಾಗಿದೆ. ಅಂಕ 22ರಿಂದ 9ಕ್ಕೆ ಇಳಿದಿದೆ.

ಹಣದ ಮಾತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರ ಶಿಫಾರಸು ಪತ್ರ ಪಡೆದು ಮುಂದಕ್ಕೆ ಹೋಗಬೇಕು. ಸಹಕಾರ ಸಂಘದ ಸದಸ್ಯರಾದ ಅಡಿಕೆ ಬೆಳೆಗಾರರು ಯಶಸ್ವಿನಿಯ ವಿಷಯವನ್ನು ಸೊಸೈಟಿಯ ಕಾರ್ಯದರ್ಶಿಯ ಬಳಿ ಕೇಳಲಿ. 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತಿದ್ದ ಆ ಯೋಜನೆಗೆ 2022ರಲ್ಲಿ ಮರುಜೀವ ಬಂದಿದೆ. ಬೆಂಗಳೂರಿನಲ್ಲಿ ಮಕ್ಕಳಿರುವವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆಯೂ ಇದೆ. ದಿನನಿತ್ಯದ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಬಹಳ ಅಗ್ಗ.

ಹೀಗೆ ಔಷಧಿಯಿದೆ, ಶಸ್ತ್ರಚಿಕಿತ್ಸೆಯಿದೆ, ಯೋಜನೆಯಿದೆ. ನಮ್ಮಲ್ಲಿ ಕೊರತೆಯಿರುವುದು ಮಾತಿಗೆ. ನಮ್ಮ ಹೆಂಗಸರನ್ನು ನೋಡಿ. ಅವರ ತಾಯಂದಿರು ಗರ್ಭಕೋಶದ ತೊಂದರೆಯನ್ನು ಸೆರಗಿನೊಳಗೇ ಅವಿತಿಟ್ಟು ಸತ್ತರು. ಈ ತಲೆಮಾರಿನವರು ಹಪ್ಪಳ ಲಟ್ಟಿಸುತ್ತಾ ಯಾವ ಡಾಕ್ಟರು ಒಳ್ಳೆಯವರು, ಎಷ್ಟು ಹೊಲಿಗೆ, ಎಷ್ಟು ಖರ್ಚು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಜಗಲಿಯಲ್ಲಿ ಗಂಡಸರು ಅಡಿಕೆ ಧಾರಣೆ, ಎಲೆಚುಕ್ಕೆ ರೋಗ, ಚುನಾವಣೆ ಎಂದು ಜಗತ್ತನ್ನೆಲ್ಲ ಚರ್ಚಿಸಿ, ಅರ್ಧ ಗಂಟೆಗೊಮ್ಮೆ ಒಬ್ಬೊಬ್ಬರಾಗಿ "ಎಲೆ ಉಗಿದು ಬರುತ್ತೇನೆ" ಎಂದು ಅಂಗಳದ ಮೂಲೆಗೆ ಹೋಗುತ್ತಾರೆ. ಎಲ್ಲರಿಗೂ ಗೊತ್ತು, ಎಲ್ಲರೂ ಹೋಗುತ್ತಾರೆ, ಯಾರೂ ಹೇಳುವುದಿಲ್ಲ. ಇದನ್ನು ಮರ್ಯಾದೆ ಎಂದು ಕರೆಯಲು ನನಗೆ ಈಗ ಸಾಧ್ಯವಾಗುತ್ತಿಲ್ಲ. ಭಾವನ ಮೂತ್ರಪಿಂಡಗಳನ್ನು ತಿಂದದ್ದು ಇದೇ.

ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು. ಫೋನಿನಲ್ಲಿ "ಅಪ್ಪಯ್ಯ, ಆರೋಗ್ಯವಾಗಿದ್ದೀರಾ?" ಎಂದು ಕೇಳಿದರೆ "ಹ್ಞೂಂ" ಎಂಬುದೇ ಉತ್ತರ. "ರಾತ್ರಿ ಎಷ್ಟು ಸಲ ಏಳುತ್ತೀರಿ?" ಎಂದು ಕೇಳಿ. ನನ್ನ ಮಗ ಹಾಗೆ ಕೇಳಿದ ದಿನ ನನಗೆ ಸಿಟ್ಟು ಬಂದಿತ್ತು, ಮರುದಿನ ಉತ್ತರ ಹೇಳಿದೆ. ಹಬ್ಬಕ್ಕೆ ಬಂದಾಗ ದೊಡ್ಡ ಟಿ.ವಿ. ತರುವ ಬದಲು ಮಲಗುವ ಕೋಣೆಗೆ ತಾಗಿ ಒಂದು ಶೌಚಾಲಯ ಕಟ್ಟಿಸಿ. ನನ್ನ ಮಗ ಕಟ್ಟಿಸಿಕೊಟ್ಟ, ದಾರಿಗೊಂದು ಸಣ್ಣ ದೀಪವನ್ನೂ ಹಾಕಿಸಿದ. ಕಲ್ಯಾಣಮಂಟಪ ಕಟ್ಟುವ, ಪಂಚಾಯಿತಿಯಲ್ಲಿ ಕೂರುವ ಶಿಷ್ಯರು ನನಗೆ ಹಲವರಿದ್ದಾರೆ. ಸ್ವಾಗತ ಕಮಾನಿಗೆ ಹಣ ಹಾಕುವ ಮೊದಲು, ಮುದುಕರು ಮೆಟ್ಟಿಲಿಳಿಯದೆ ತಲುಪಬಹುದಾದ ಒಂದು ಶೌಚಾಲಯಕ್ಕೆ ಹಾಕಿ. ಬಸ್ ನಿಲ್ದಾಣದ ಶೌಚಾಲಯಕ್ಕೆ ಬೀಗ ಹಾಕಿ ಕೀಲಿಕೈಯನ್ನು ಯಾರದೋ ಜೇಬಿನಲ್ಲಿಡುವ ಪದ್ಧತಿ ಯಾವ ಊರಿನಲ್ಲಿದ್ದರೂ ಅದು ಕ್ರೌರ್ಯ. "ಬೆಲ್ ಹೊಡೆಯಲಿ" ಎನ್ನುತ್ತಿದ್ದವನ ಬಾಯಿಂದ ಈ ಮಾತು ಬರುತ್ತಿದೆಯಲ್ಲ ಎಂದು ನೀವು ನಗಬಹುದು, ನಗುವ ಹಕ್ಕು ನಿಮಗಿದೆ.

ಕಳೆದ ಸುಗ್ಗಿಯಲ್ಲಿ ಮೇಳ ಬಂದಾಗ ಆಟಕ್ಕೆ ಹೋದೆ. ಭಾವನೂ ಬಂದರು. ಮುಂದಿನ ಸಾಲನ್ನು ಬಿಟ್ಟು ಬದಿಯಲ್ಲಿ, ದಾರಿಗೆ ಹತ್ತಿರವಾಗಿ ಕುಳಿತೆವು. ಪ್ರಸಂಗದ ಮಧ್ಯೆ ನಾನು ಎದ್ದಾಗ ಪಕ್ಕದಲ್ಲಿದ್ದ ನನ್ನ ವಯಸ್ಸಿನವರೊಬ್ಬರು, "ಎಲೆ ಉಗಿಯಲಿಕ್ಕಾ ಮೇಷ್ಟ್ರೇ?" ಎಂದು ಕೇಳಿದರು. ನಾನು ಕಿರುಬೆರಳೆತ್ತಿ ತೋರಿಸಿದೆ. ಅವರು ಒಂದು ಕ್ಷಣ ತಡೆದು, "ನಿಲ್ಲಿ, ನಾನೂ ಬಂದೆ" ಎಂದು ಪಂಚೆ ಸರಿಮಾಡಿಕೊಂಡು ಎದ್ದರು. ಮುಂದಿನ ಗುರುವಾರ ಅವರನ್ನೂ ಭಾವನ ಜೊತೆ ಕಾರಿನಲ್ಲಿ ಕೂರಿಸಿಕೊಂಡು ಮಣಿಪಾಲಕ್ಕೆ ಹೋಗುವುದೆಂದು ನಿಗದಿಯಾಗಿದೆ. ಆಗುಂಬೆಯಲ್ಲೊಮ್ಮೆ, ಹೆಬ್ರಿಯಲ್ಲೊಮ್ಮೆ ಗಾಡಿ ನಿಲ್ಲಿಸಬೇಕೆಂದು ಚಾಲಕನಿಗೆ ಈಗಲೇ ಹೇಳಿಟ್ಟಿದ್ದೇನೆ.